ಅತ್ತಿಗುಂಡಿಯ ಗಿಡಕ್ಕೆ ಗೋಣಿಬೀಡಿನ ಸುಣ್ಣ

ಬೀಗಿತ್ತಿಯವರೇ,

ನಿಮಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ನೀವಿದ್ದಾಗ ಬರೆಯಲಿಲ್ಲ. ಬರೆಯುವ ಅಗತ್ಯವೇನಿತ್ತು? ನಮ್ಮ ಗೋಣಿಬೀಡಿಗೂ ನಿಮ್ಮ ಅತ್ತಿಗುಂಡಿಗೂ ಫೋನ್ ಇತ್ತು, ಬಸ್ಸಿತ್ತು, ನಡುವೆ ನನ್ನ ಮಗಳು ವನಜ ಇದ್ದಳು. ನಿಮ್ಮ ಮಗ ಪ್ರಕಾಶನಿಗೆ ಅವಳನ್ನು ಕೊಟ್ಟ ಮೇಲೆ ಎಂಟು ವರ್ಷ ನಾವಿಬ್ಬರೂ ಹೆಚ್ಚಾಗಿ ಅವಳ ಬಾಯಿಂದಲೇ ಮಾತಾಡಿಕೊಂಡೆವು. ‘ನಿನ್ನ ಅತ್ತೆ ಹೇಗಿದ್ದಾರೆ?’ ಎಂದು ನಾನು, ‘ನಿನ್ನ ಅಮ್ಮ ಹೇಗಿದ್ದಾರೆ?’ ಎಂದು ನೀವು. ನಾಳೆ ನಿಮ್ಮ ವರ್ಷದ ಕಾರ್ಯ. ನಾನು ಬರುತ್ತಿದ್ದೇನೆ, ಒಂದು ಗಿಡವನ್ನೂ ತರುತ್ತಿದ್ದೇನೆ. ಆದರೆ ನಿಮ್ಮ ಅಂಗಳಕ್ಕೆ ಕಾಲಿಡುವ ಮೊದಲು ಹೇಳಬೇಕಾದ ಮಾತೊಂದಿದೆ. ಒಂದು ದಿನ ನೀವು ನನ್ನನ್ನು ಒಂದು ಪ್ರಶ್ನೆ ಕೇಳಿದಿರಿ. ನಾನು ‘ಇಲ್ಲ’ ಎಂದೆ. ಅದು ಸುಳ್ಳು.

ಮೊದಲಿಂದ ಹೇಳುತ್ತೇನೆ. ನನಗೆ ಹಾಗೆಯೇ ಹೇಳಲು ಬರುವುದು.

ನಮ್ಮಲ್ಲಿ ಬೀಗರೂಟ ಇಟ್ಟುಕೊಂಡಿದ್ದ ದಿನ ನಿಮ್ಮ ಜೀಪು ಬಂದು ನಿಂತಿತು. ನಿಮ್ಮ ಕಡೆಯವರೆಲ್ಲ ಹಣ್ಣು, ಸೀರೆ, ಸಿಹಿ ಹಿಡಿದು ಇಳಿದರು. ನೀವು ಮಾತ್ರ ಬಿಸ್ಕತ್ತಿನ ತಗಡಿನ ಡಬ್ಬವೊಂದನ್ನು ಎದೆಗೊತ್ತಿಕೊಂಡು ಇಳಿದಿರಿ, ಒಳಗೆ ಮಗು ಮಲಗಿರುವ ಹಾಗೆ. ಡಬ್ಬದಲ್ಲಿ ಮೊಳದುದ್ದದ ಗಿಡ. ಎಲೆಗಳು ಎಣ್ಣೆ ಒರೆಸಿದಂತೆ ಹೊಳೆಯುತ್ತಿದ್ದವು.

“ಇದೆಂತದು, ಕಾಫಿ ಸಸಿಯಾ?” ಎಂದರು ನಮ್ಮ ಮನೆಯವರು.

“ಅಲ್ಲ ಕಣ್ರೀ, ಕ್ಯಾಮೆಲಿಯಾ. ಟೀ ಗಿಡದ ದಾಯಾದಿ.”

“ಹೂವಿಗೆ ವಾಸನೆ ಇದೆಯಾ?” ಎಂದೆ ನಾನು.

“ಇಲ್ಲ.”

“ಮುಡಿಯೋಕಾಗತ್ತಾ?”

“ಇದು ಮುಡಿಯೋ ಹೂವಲ್ಲ, ನೋಡೋ ಹೂವು.”

“ಅಲ್ಲಾ, ವಾಸನೆನೂ ಇಲ್ಲ, ಮುಡಿಯೋಕೂ ಆಗಲ್ಲ. ಅದೂ ಸಾಲ್ದು ಅಂತ ಕಾಫಿ ಮನೆಗೆ ಟೀ ದಾಯಾದೀನ ತಂದು ಬಿಟ್ರಲ್ಲ! ಒಳ್ಳೆ ಬೀಗರು ಸಿಕ್ಕಿದ್ರು ಮಾರಾಯ್ರೆ ನಮಗೆ!” ಎಂದೆ. ಇಡೀ ಜಗಲಿ ನಕ್ಕಿತು. ನೀವೂ ನಕ್ಕಿರಿ. ಆದರೆ ನಿಮ್ಮ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ನೋಡಿ ಒಳಗೊಳಗೇ ಸಂತೋಷಪಟ್ಟೆ, ಅದನ್ನೂ ಹೇಳಿಬಿಡುತ್ತೇನೆ. ನಿಮ್ಮದು ಸಣ್ಣ ತೋಟ, ನಮ್ಮದು ದೊಡ್ಡದು. ನೀವು ಕಂಪನಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರರ ಮಗಳು, ನಾನು ಆ ಕಾಲಕ್ಕೇ ಎಸ್ಸೆಸ್ಸೆಲ್ಸಿ ಪಾಸು ಮಾಡಿದ ಪಟೇಲರ ಮಗಳು. ಸಂಬಂಧ ಒಪ್ಪಿದ್ದು ಹುಡುಗನನ್ನು ನೋಡಿ. ಉಳಿದದ್ದನ್ನು ನಾನು ಒಪ್ಪಿರಲಿಲ್ಲ.

ಊಟವಾದ ಮೇಲೆ ನೀವೇ ನನ್ನನ್ನು ಅಂಗಳದಲ್ಲಿ ಮನೆಯ ಮೂಡಣ ಗೋಡೆಯ ಹತ್ತಿರ ಕರೆದುಕೊಂಡು ಹೋದಿರಿ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗವನ್ನು ಊಟಕ್ಕೆ ಕೂರುವ ಮೊದಲೇ ನೋಡಿಟ್ಟಿದ್ದಿರಿ. ಆಗ ಹೇಳಿದಿರಿ: ನಿಮ್ಮ ತಂದೆ ಕೆಲಸ ಮಾಡುತ್ತಿದ್ದ ಎಸ್ಟೇಟಿನ ಬಂಗಲೆಯಲ್ಲಿ ಬಿಳಿ ದೊರೆಗಳ ಕಾಲದ ಗಿಡವೊಂದಿತ್ತು. ಬಂಗಲೆ ಕೈ ಬದಲಾಗಿ ಅದನ್ನು ಕಡಿಯುವ ಮೊದಲು ನಿಮ್ಮ ತಂದೆ ಅದರ ಒಂದು ಕೊಂಬೆಗೆ ಗೂಟಿ ಕಟ್ಟಿ ಬೇರು ಬರಿಸಿ, ನಿಮ್ಮ ಮದುವೆಗೆ ಕೊಟ್ಟಿದ್ದರು. ಬಂಗಾರ ಕೊಡಲು ಅವರ ಕೈಯಲ್ಲಿ ಆಗಿರಲಿಲ್ಲ. ಆ ಗಿಡದಿಂದ ನೀವು ಈ ಗಿಡ ಮಾಡಿ ತಂದಿದ್ದಿರಿ.

“ಮೂರೇ ಮಾತು ನೆನಪಿಟ್ಕೊಳ್ಳಿ,” ಎಂದಿರಿ. “ಆಳಕ್ಕೆ ನೆಡಬೇಡಿ, ಇದರ ಬೇರು ಮೇಲ್ಮೇಲೇ ಹರಿಯೋದು. ಬುಡ ಒಣಗೋಕೆ ಬಿಡಬೇಡಿ. ಮತ್ತೆ ಸುಣ್ಣ ಮಾತ್ರ ಸೋಕಿಸಬೇಡಿ. ಇದಕ್ಕೆ ಹುಳಿ ಮಣ್ಣೇ ಬೇಕು.”

“ಆಯ್ತು ಬಿಡಿ. ಮೂವತ್ತು ವರ್ಷದಿಂದ ಮಣ್ಣಲ್ಲೇ ಇದ್ದೀವಿ ನಾವೂ.”

“ಹಾಗಲ್ಲ… ಕಾಫಿಯವರ ಕೈ ಸುಣ್ಣದ ಕಡೆಗೇ ಹೋಗತ್ತೆ ನೋಡಿ, ಅದಕ್ಕೆ ಹೇಳಿದೆ.” ಆಮೇಲೆ ಜೀಪು ಹತ್ತುವಾಗ, “ಡಬ್ಬ ವಾಪಸ್ ಕಳಿಸಿಬಿಡಿ, ಗಟ್ಟಿ ಡಬ್ಬ ಅದು,” ಎಂದಿರಿ. ನಾನು ಕಳಿಸಲಿಲ್ಲ. ನೀವು ವನಜಳ ಹತ್ತಿರ ಎರಡು ಸಲ ಕೇಳಿಸಿದಿರಿ. ಅದು ನಮ್ಮ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ತಳ ಬಿದ್ದುಹೋಯಿತು. ತಪ್ಪು ಒಪ್ಪಿಕೊಳ್ಳಲು ಕೂತಾಗ ಸಣ್ಣದನ್ನೂ ಬಿಡಬಾರದಲ್ಲವೇ?

ಗಿಡ ಎರಡು ವರ್ಷ ಚೆನ್ನಾಗಿಯೇ ಇತ್ತು. ಬೆಳೆಯುವುದು ನಿಧಾನ. ಅಷ್ಟು ನಿಧಾನದ ಗಿಡವನ್ನು ನಾನು ನೋಡಿರಲಿಲ್ಲ. ವರ್ಷಕ್ಕೆ ಒಂದು ಗೇಣು ಚಿಗುರಿದರೆ ಹೆಚ್ಚು. ಚಳಿಗಾಲ ಬಂದಾಗಲೆಲ್ಲ ವನಜ ಫೋನ್ ಮಾಡಿ, “ಅಮ್ಮಾ, ಅತ್ತೆ ಗಿಡದಲ್ಲಿ ಇವತ್ತು ನಲವತ್ತು ಹೂ,” ಎನ್ನುತ್ತಿದ್ದಳು. ನನ್ನ ಗಿಡದಲ್ಲಿ ಒಂದು ಮೊಗ್ಗೂ ಇಲ್ಲ. “ನಿಮ್ಮದು ಎತ್ತರದ ಜಾಗ, ಅಲ್ಲಿ ಚಳಿ ಜಾಸ್ತಿ,” ಎಂದು ನಾನೇ ಕಾರಣ ಕೊಡುತ್ತಿದ್ದೆ. ಆದರೆ ಒಳಗೆ… ನನ್ನ ಅಂಗಳಕ್ಕೆ ಬಂದ ಗಿಡ ನನ್ನ ಮಾತು ಕೇಳದೆ ನಿಂತಿದೆ ಎಂದರೆ ನನಗೆ ಹೇಗಾಗಬೇಡ? ನನ್ನ ಗುಲಾಬಿ, ನನ್ನ ಡೇಲಿಯಾ ನೋಡಲು ಮೂಡಿಗೆರೆಯಿಂದ ಜನ ಬರುತ್ತಿದ್ದರು.

ಮೂರನೆಯ ವರ್ಷ ಮಳೆ ನಿಂತ ಮೇಲೆ ತೋಟಕ್ಕೆ ಸುಣ್ಣ ಹಾಕುವ ಸರದಿ ಬಂತು. ನಿಮಗೆ ಹೇಳಬೇಕಾಗಿಲ್ಲ, ಮಳೆ ಮಣ್ಣನ್ನು ಹುಳಿ ಮಾಡುತ್ತದೆ, ಕಾಫಿಗೆ ಅಷ್ಟು ಹುಳಿ ಒಗ್ಗುವುದಿಲ್ಲ. ಅದಕ್ಕೇ ನಾವು ಎರಡು ಮೂರು ವರ್ಷಕ್ಕೊಮ್ಮೆ ಸುಣ್ಣ ಕೊಡುವುದು. ಕಣದಲ್ಲಿ ಸುಣ್ಣದ ಚೀಲ ಬಿಚ್ಚಿದ್ದರು. ಅಂಗಳದಲ್ಲಿ ಆ ಗಿಡ ಸ್ವಲ್ಪ ಮಂಕಾಗಿ ಕಂಡಿತು. ಅದನ್ನು ನೆಟ್ಟಿದ್ದ ಮೇಸ್ತ್ರಿ ಐತಪ್ಪನನ್ನು ಕರೆದು, “ಇದಕ್ಕೂ ನಾಲ್ಕು ಬೊಗಸೆ ಹಾಕು,” ಎಂದೆ.

ಅವನು ಚೀಲ ಹಿಡಿದೇ ನಿಂತ. “ಅಮ್ಮಾ, ಅತ್ತಿಗುಂಡಿ ಅಮ್ಮೋರು ಸುಣ್ಣ ಬ್ಯಾಡ ಅಂದಿದ್ರಲ್ಲ?”

“ಈ ಮನೆ ಅಮ್ಮ ಯಾರು?”

“ನೀವೇ.”

“ಮತ್ತೆ? ಹಾಕು.”

ಹಾಕಿದ. ಮರೆತು ಹಾಕಿಸಿದ್ದಲ್ಲ ಬೀಗಿತ್ತಿಯವರೇ, ನಿಮ್ಮ ಮಾತು ನೆನಪಿದ್ದೂ ಹಾಕಿಸಿದ್ದು. ಎರಡು ತಿಂಗಳಿಗೆ ಹೊಸ ಎಲೆಗಳು ಹಳದಿಯಾದವು, ನರ ಮಾತ್ರ ಹಸಿರು. ಸುಣ್ಣ ಸಾಲಲಿಲ್ಲ ಎಂದುಕೊಂಡು ಇನ್ನೆರಡು ಬೊಗಸೆ ನಾನೇ ಹಾಕಿದೆ. ಅದರ ಮೇಲೆ ಬಕೆಟ್ಟುಗಟ್ಟಲೆ ನೀರು. ಎಲೆಗಳ ಅಂಚು ಸುಟ್ಟ ಹಾಗೆ ಕಂದಾಗಿ ಒಂದೊಂದೇ ಉದುರತೊಡಗಿದವು.

ಅಷ್ಟರಲ್ಲಿ ವನಜ ಹೆರಿಗೆಗೆ ಬಂದಳು, ಮಗುವಾಯಿತು. ಹೆಸರಿಡುವ ದಿನ ನೀವೆಲ್ಲ ಬಂದಿರಿ. ಮಗುವಿನ ಕೈಗೆ ಬೆಳ್ಳಿ ಬಳೆ ಹಾಕಿ, ಹಣೆಗೆ ಮುತ್ತಿಟ್ಟು, ಕಾಫಿ ಕುಡಿದು, ನೀವು ನೇರ ಮೂಡಣ ಗೋಡೆಯ ಹತ್ತಿರ ನಡೆದಿರಿ. ನಾನು ಹಿಂದೆಯೇ ಬಂದೆ. ರೇಷ್ಮೆ ಸೀರೆಯಲ್ಲೇ ನೀವು ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿದಿರಿ, ಮೂಸಿದಿರಿ. ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿದಿರಿ.

“ಸುಣ್ಣ ಏನಾದ್ರೂ ಹಾಕಿದ್ರಾ?”

ಇದೇ ಆ ಪ್ರಶ್ನೆ. ನಾವಿಬ್ಬರೇ ಇದ್ದಿದ್ದರೆ ನಾನು ಹೌದೆನ್ನುತ್ತಿದ್ದೆನೇ? ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಗೊತ್ತಿಲ್ಲ. ಆದರೆ ಜಗಲಿಯಲ್ಲಿ ನನ್ನ ಇಬ್ಬರು ತಂಗಿಯರು, ನಿಮ್ಮ ನಾದಿನಿ, ಅಕ್ಕಪಕ್ಕದ ಎಸ್ಟೇಟಿನ ಹೆಂಗಸರು ಲೋಟ ಹಿಡಿದು ನಮ್ಮ ಕಡೆಗೇ ನೋಡುತ್ತಿದ್ದರು. ಐತಪ್ಪ ಬಾಳೆಎಲೆ ಹೊತ್ತು ಅಲ್ಲೇ ನಿಂತಿದ್ದ.

“ಇಲ್ಲಪ್ಪ,” ಎಂದೆ. “ನೀವೇ ಬೇಡ ಅಂದ ಮೇಲೆ ಯಾಕೆ ಹಾಕ್ಲಿ?”

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಜಗಲಿಗೆ ಕೇಳುವ ಹಾಗೆ ಹೇಳಿದೆ: “ಗಿಡಕ್ಕೇ ರೋಗ ಇರ್ಬೇಕು. ನಿಮ್ಮಲ್ಲಿಂದಲೇ ಬಂದದ್ದು.”

“ಅಯ್ಯೋ, ಬೀಗರು ರೋಗದ ಗಿಡ ಕೊಟ್ರಾ?” ಎಂದಳು ನನ್ನ ತಂಗಿ. ಮತ್ತೆ ಎಲ್ಲರೂ ನಕ್ಕರು. ಐತಪ್ಪ ನೆಲ ನೋಡಿದ. ನೀವು ನಗಲಿಲ್ಲ. ಎದ್ದು ಕೈ ಒರೆಸಿಕೊಂಡು, “ಸುಣ್ಣ ಹಾಕಿಲ್ಲ ಅಂದ್ರೆ… ತಾಯಿಗಿಡದಲ್ಲೇ ಇದೆ ಅಂತಾಯ್ತು,” ಎಂದು ನಿಮ್ಮಷ್ಟಕ್ಕೆ ಹೇಳಿಕೊಂಡಿರಿ. ನಾನು ಆ ಮಾತನ್ನು ಕೇಳಿಸಿಕೊಂಡೆ. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಮಾತ್ರ ಯೋಚಿಸಲಿಲ್ಲ.

ಯೋಚಿಸಬೇಕಿತ್ತು. ನಾವು ಕಾಫಿಯವರು. ಕಾಂಡಕೊರಕ ಬಿದ್ದ ಗಿಡವನ್ನು ಏನು ಮಾಡುತ್ತೇವೆ? ಉಳಿದವಕ್ಕೆ ಹರಡದ ಹಾಗೆ ಬುಡಸಮೇತ ಕಿತ್ತು ಸುಡುತ್ತೇವೆ. ಎಷ್ಟೇ ಫಸಲು ಕೊಟ್ಟ ಗಿಡವಾದರೂ ಸರಿ, ಮುಖ ನೋಡುವುದಿಲ್ಲ. ನೀವೂ ಅದನ್ನೇ ಮಾಡಿದಿರಿ.

ನಾಲ್ಕನೆಯ ದಿನ ಬೆಳಿಗ್ಗೆ ಪ್ರಕಾಶನ ಫೋನ್ ಬಂತು. ವನಜ ಮಾತಾಡಿ ಅಡುಗೆಮನೆಗೆ ಬಂದಳು. “ಅಮ್ಮಾ, ಅತ್ತೆ ಕ್ಯಾಮೆಲಿಯಾ ಕಿತ್ಸಿ ಸುಟ್ಟುಬಿಟ್ರಂತೆ. ರೋಗ ತೋಟಕ್ಕೆ ಹಬ್ಬತ್ತೆ ಅಂತ. ಅವರಪ್ಪ ಕೊಟ್ಟ ಗಿಡ ಅಮ್ಮ ಅದು.” ನಾನು ಹೆಂಚಿನ ಮೇಲಿದ್ದ ಅಕ್ಕಿ ರೊಟ್ಟಿಯನ್ನು ತಿರುವಿ ಹಾಕಿದೆ. “ರೋಗ ಬಂದ ಗಿಡ ಇಟ್ಕೊಂಡು ಎಂತ ಮಾಡ್ತಾರೆ,” ಎಂದೆ. ಅಷ್ಟೇ ಎಂದದ್ದು. ಮಗು ಅತ್ತಿತು, ಅವಳು ಹೋದಳು. ಆ ರೊಟ್ಟಿಯನ್ನು ಎಷ್ಟು ಸಲ ತಿರುವಿದೆನೋ.

ಸುದ್ದಿ ಐತಪ್ಪನಿಗೂ ಮುಟ್ಟಿತು. ಗುದ್ದಲಿ ಹಿಡಿದು ಬಂದು, “ಅಮ್ಮಾ, ಇದನ್ನೂ ಕೀಳದಾ?” ಎಂದ. ಅವನ ದನಿಯಲ್ಲಿ ಬೇರೆ ಏನೋ ಇತ್ತು.

“ಅದಕ್ಕೆ ಕೈ ಹಚ್ಚಿ ನೋಡು, ಗೊತ್ತಾಗತ್ತೆ.”

“ರೋಗ ಅಲ್ವಾ ಅಮ್ಮಾ?”

“ಏನು ಅಂತ ನಿನಗೆ ಗೊತ್ತು. ನನಗೂ ಗೊತ್ತು. ಬಾಯಿ ಮುಚ್ಚಿಕೊಂಡು ಮಣ್ಣು ತೆಗಿ.”

ಆ ದಿನದಿಂದ ಆ ಗಿಡ ನನ್ನ ಕೆಲಸವಾಯಿತು. ಬುಡದ ಸುತ್ತ ಸುಣ್ಣ ಕುಡಿದ ಮಣ್ಣನ್ನು ಬೇರು ಹರಿಯದ ಹಾಗೆ ಕೈಯಲ್ಲೇ ಕೆರೆದು ತೆಗೆದೆವು. ತೋಟದ ಮೇಲ್ಬದಿಯ ಕಾಡಿನಿಂದ, ವರ್ಷಗಟ್ಟಲೆ ಕೊಳೆತ ಎಲೆಮಣ್ಣನ್ನು ತರಿಸಿ ತುಂಬಿದೆ. ಬೆಳೆಗೆ ಸಲಹೆ ಕೊಡಲು ತೋಟಕ್ಕೆ ಬರುತ್ತಿದ್ದ ಇನ್‌ಸ್ಟ್ರಕ್ಟರೊಬ್ಬರನ್ನು, ಯಾರದೋ ಮನೆಯ ವಿಷಯವೆಂಬಂತೆ, “ಸುಣ್ಣ ಜಾಸ್ತಿ ಆದ್ರೆ ಎಂತ ಮಾಡ್ತಾರೆ?” ಎಂದು ಕೇಳಿದೆ. ಅವರು ಅನ್ನಭೇದಿ ಎಂಬ ಕಬ್ಬಿಣದ ಉಪ್ಪನ್ನು ನೀರಿಗೆ ಕರಗಿಸಿ ಹಾಕಲು ಹೇಳಿದರು. ನೀವು ಏನೇನು ಮಾಡುತ್ತಿದ್ದಿರಿ ಎಂದು ವನಜಳಿಂದ ಒಂದೊಂದೇ ಹೊರಡಿಸಿದೆ. “ಅತ್ತೆ ಟೀ ಚರಟ ಹಾಕ್ತಿದ್ರು ಕಣಮ್ಮ,” ಎಂದಳು. ನಮ್ಮ ಮನೆಯಲ್ಲಿ ಟೀ ಕುಡಿಯುವವರು ಯಾರಿದ್ದಾರೆ? ಆಳುಗಳಿಗೆ ಮಧ್ಯಾಹ್ನ ಕಾಫಿಯ ಬದಲು ಟೀ ಕೊಡಲು ಶುರು ಮಾಡಿದೆ, ಚರಟಕ್ಕಾಗಿ. ನಮ್ಮ ಮನೆಯವರು, “ಎಂತ ಮಾರಾಯ್ತಿ, ಕಾಫಿ ತೋಟದೊಳಗೆ ಕೂತು ಟೀ ಕಾಯಿಸ್ತೀಯಲ್ಲ, ಊರವರು ನಗ್ತಾರೆ,” ಎಂದರು. ನಗಲಿ ಎಂದೆ. ಊರವರು ನಗಲಿ ಎಂದು ನಾನು ಹೇಳಿದ್ದು ಅದೇ ಮೊದಲು.

ಇನ್ನೊಂದು ವಿಷಯ ನಿಮಗೆ ಗೊತ್ತಿರಲಾರದು. ಆ ಮೂಡಣ ಗೋಡೆಗೆ ದೀಪಾವಳಿಗೆ ಮುಂಚೆ ವರ್ಷವೂ ಸುಣ್ಣ ಹೊಡೆಯುತ್ತಿದ್ದೆವು. ಮಳೆಗೆ ಆ ಸುಣ್ಣ ಕರಗಿ ಇಳಿಯುವುದು ಎಲ್ಲಿಗೆ? ಗಿಡದ ಬುಡಕ್ಕೆ. ಅದು ನನಗೆ ಹೊಳೆದ ವರ್ಷದಿಂದ ಆ ಗೋಡೆಗೆ ಸುಣ್ಣ ನಿಲ್ಲಿಸಿದೆ. ಮನೆಯೆಲ್ಲ ಬೆಳ್ಳಗೆ, ರಸ್ತೆಗೆ ಕಾಣುವ ಆ ಒಂದು ಗೋಡೆ ಮಾತ್ರ ಕಪ್ಪು, ಅದರ ಮೇಲೆ ಪಾಚಿಗಟ್ಟಿದ ಹಸಿರು ಹಾವಸೆ. “ಸುಣ್ಣ ಸಾಲ್ಲಿಲ್ವಾ ಅಕ್ಕ?” ಎಂದು ತಂಗಿ ಚುಚ್ಚಿದಳು. ವನಜಳೂ ಕೇಳಿದಳು. “ಹಾವಸೆ ಚೆನ್ನಾಗಿ ಕಾಣತ್ತೆ,” ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಬಾಗಿಲ ಮುಂದಿನ ರಂಗೋಲಿ ಒಂದೆಳೆ ಸೊಟ್ಟವಾದರೆ ಅಳಿಸಿ ಮತ್ತೆ ಹಾಕಿಸುವ ಅಮ್ಮ ಇವಳೇನಾ ಎಂಬಂತೆ.

ಮೂರು ವರ್ಷ ಹಿಡಿಯಿತು ಎಲೆ ಹಸಿರಾಗಲು. ಒಂದು ಬದಿಯ ಕೊಂಬೆಗಳು ಸತ್ತೇ ಹೋದವು, ಕತ್ತರಿಸಿದೆ. ಉಳಿದದ್ದು ಮೆಲ್ಲಗೆ ಚಿಗುರಿತು. ಬುಡಕ್ಕೆ ಒಣ ಎಲೆ ಹೊದಿಸುವುದು, ಎಲೆಯ ಹಿಂಬದಿಗೆ ಅಂಟಿದ ಹುಳವನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ಬೇಸಿಗೆಯಲ್ಲಿ ದಿನ ಬಿಡದೆ ಒಂದೇ ಅಳತೆಯ ನೀರು. ಬೆಳಿಗ್ಗೆ ಅಲ್ಲಿ ಕೂತಾಗಲೆಲ್ಲ ನಿಮ್ಮ ಜೊತೆ ಮಾತಾಡುತ್ತಿದ್ದೆ ಎಂದರೆ ನಂಬುತ್ತೀರಾ? ಎದುರಿಗೆ ಸಿಕ್ಕಾಗ ಮಾತ್ರ, “ಚೆನ್ನಾಗಿದ್ದೀರಾ?”, “ಚೆನ್ನಾಗಿದ್ದೀನಿ.” ನೀವು ನಮ್ಮ ಅಂಗಳದ ಆ ಕಡೆಗೆ ಮತ್ತೆ ಹೋಗಲೇ ಇಲ್ಲ. ಗಿಡದ ವಿಷಯ ಎತ್ತಲೇ ಇಲ್ಲ.

ಎತ್ತಿದ್ದು ಒಂದೇ ಸಲ. ಹೋದ ವರ್ಷ ಮೇ ತಿಂಗಳಲ್ಲಿ ನೀವು ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿದ್ದಿರಿ. ಬಸ್ಸಿನಲ್ಲಿ ಬರುತ್ತಾ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಕಟ್ಟಿಕೊಂಡು ಬಂದಿದ್ದೆ. ‘ಅವತ್ತು ನಾನು ಸುಣ್ಣ ಹಾಕಿದ್ದೆ.’ ನಾಲ್ಕೇ ಪದ. ನೀವು ತುಂಬ ಸಣ್ಣಗಾಗಿದ್ದಿರಿ. ನಿಮ್ಮ ನಾದಿನಿ ಕಾಲು ಒತ್ತುತ್ತಾ ಕೂತಿದ್ದರು. ನಾನು ಕಿತ್ತಳೆ ಸುಲಿದು ಕೊಟ್ಟೆ, ನೀವು ಒಂದು ತೊಳೆ ತಿಂದಿರಿ. ಆಮೇಲೆ ಕೇಳಿದಿರಿ.

“ಗಿಡ ಇದೆಯಾ?”

“ಇದೆ.”

“ಎಲೆ?”

“ಹಸಿರಾಗಿದೆ. ಹೊಳಪೂ ಬಂದಿದೆ.”

“ಹಾಗಾದ್ರೆ ರೋಗ ಅಲ್ಲ ಅದು,” ಎಂದಿರಿ. “ನಾನೇ ದುಡುಕಿದೆ. ಅಪ್ಪನ ಗಿಡಾನ ಸುಮ್ಮನೆ ಸುಟ್ಟುಬಿಟ್ಟೆ.”

ಆಗ ಹೇಳಬೇಕಿತ್ತು. ನಾಲ್ಕು ಪದ ನಾಲಗೆಯ ಮೇಲೇ ಇತ್ತು. ನಿಮ್ಮ ನಾದಿನಿ, “ಈಗ ಗಿಡದ ಚಿಂತೆ ಎಂತಕ್ಕೆ ಅತ್ತಿಗೆ, ಮಲಗಿ,” ಎಂದರು. ನಾನು ನಿಮ್ಮ ಹೊದಿಕೆ ಸರಿ ಮಾಡಿ, “ಇನ್ನೊಂದ್ಸಲ ಬರ್ತೀನಿ,” ಎಂದು ಎದ್ದೆ. ಇನ್ನೊಂದು ಸಲ ನಾನು ಬಂದಾಗ ನಿಮ್ಮನ್ನು ಅಂಗಳದಲ್ಲಿ ಮಲಗಿಸಿದ್ದರು. ಜೂನಿನ ಮೊದಲ ಮಳೆ ಬಂದು ನಿಂತಿತ್ತು. ನೀವು ಆ ತಪ್ಪನ್ನು ನಿಮ್ಮದೆಂದೇ ಹೊತ್ತುಕೊಂಡು ಹೋದಿರಿ. ಅದು ನನ್ನದು, ಬೀಗಿತ್ತಿಯವರೇ. ದುಡುಕಿದವರು ನೀವಲ್ಲ. ನನ್ನ ಮಾತನ್ನು ನಂಬಿದಿರಿ, ಅಷ್ಟೇ.

ನಿಮ್ಮ ಹನ್ನೊಂದನೆಯ ದಿನ ಕಳೆದು ಮನೆಗೆ ಬಂದವಳು ಗಿಡದ ಒಂದು ಗಟ್ಟಿ ಕೊಂಬೆ ಆರಿಸಿದೆ. ಬೆರಳಗಲ ಸಿಪ್ಪೆಯನ್ನು ಸುತ್ತಲೂ ತೆಗೆದು, ಮರದ ಹಾವಸೆಯನ್ನು ಒದ್ದೆ ಮಾಡಿ ಸುತ್ತಿ, ಪ್ಲಾಸ್ಟಿಕ್ ಕಟ್ಟಿದೆ. ಐತಪ್ಪ, “ನಾ ಕಟ್ತೀನಿ ಬಿಡಿ ಅಮ್ಮಾ,” ಎಂದ. ನಾನೇ ಕಟ್ಟಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಪ್ಲಾಸ್ಟಿಕ್ಕಿನೊಳಗೆ ಬಿಳಿ ಬೇರು ಹೆಣೆದುಕೊಂಡದ್ದು ಕಂಡಿತು. ಕತ್ತರಿಸಿ ಡಬ್ಬಕ್ಕೆ ಹಾಕಿ ನೆರಳಲ್ಲಿ ಇಟ್ಟೆ.

ಈಗ ಸುದ್ದಿ. ಡಿಸೆಂಬರಿನಲ್ಲಿ ದೊಡ್ಡ ಗಿಡಕ್ಕೆ ಮೊಗ್ಗು ಬಂತು! ಮೊದಲು ಚಿಗುರೆಂದುಕೊಂಡೆ. ದಿನ ಕಳೆದ ಹಾಗೆ ದುಂಡಗಾದವು. ಒಟ್ಟು ಐದು. ಒಂದೇ ತುದಿಯಲ್ಲಿ ಜೋಡಿ ಮೊಗ್ಗು ಬಂದರೆ ನೀವು ಒಂದನ್ನು ತಿರುಚಿ ತೆಗೆಯುತ್ತಿದ್ದಿರಂತೆ, ಉಳಿದದ್ದು ದೊಡ್ಡದಾಗಿ ಅರಳಲೆಂದು. ವನಜ ಹೇಳಿದ್ದಳು. ನನಗೆ ಕೈ ಬರಲಿಲ್ಲ, ಸಣ್ಣದೇ ಅರಳಲಿ ಎಂದೆ. ಮೂರು ಉದುರಿದವು. ಎರಡು ನಿಂತವು. ಒಂದು ಬೆಳಿಗ್ಗೆ ಹಾಲಿನ ಪಾತ್ರೆ ಹಿಡಿದು ಹೊರಗೆ ಬಂದರೆ, ಆ ಕಪ್ಪು ಗೋಡೆಯ ಮುಂದೆ ತಿಳಿ ಗುಲಾಬಿ ಬಣ್ಣದ ಒಂದು ಹೂ. ಎಂಟು ವರ್ಷ ಕಾದ ಹೂ. ಗೋಡೆ ಬೆಳ್ಳಗಿದ್ದಿದ್ದರೆ ಅದು ಅಷ್ಟು ಚೆನ್ನಾಗಿ ಕಾಣುತ್ತಿತ್ತೋ ಇಲ್ಲವೋ. ಬಗ್ಗಿ ಮೂಸಿದೆ. ನೀವು ಹೇಳಿದ್ದು ನಿಜ, ವಾಸನೆ ಇಲ್ಲ. ನೋಡುವ ಹೂವು. ನಾನು ಹಾಲಿನ ಪಾತ್ರೆ ಕೆಳಗಿಟ್ಟು ನೋಡುತ್ತಾ ಕೂತೆ. ನಮ್ಮ ಮನೆಯವರು ಕಾಫಿ ಕೇಳಿಕೊಂಡು ಬಂದು, ಪಕ್ಕದಲ್ಲೇ ಕೂತರು. ಹನ್ನೆರಡು ದಿನ ಇತ್ತು. ಆಮೇಲೆ ಎಸಳು ಉದುರಿಸದೆ, ಇಡೀ ಹೂವಾಗಿಯೇ ಬಿತ್ತು.

ಆಗಲೂ ವನಜಳಿಗೆ ಹೂ ಅರಳಿತೆಂದು ಹೇಳಿದೆ, ಉಳಿದದ್ದನ್ನು ಹೇಳಲಿಲ್ಲ. ಅವಳು ಅತ್ತಳು. “ಅತ್ತೆ ನೋಡ್ಬೇಕಿತ್ತು,” ಎಂದಳು. ಡಬ್ಬದ ಗಿಡವನ್ನು ನಿಮ್ಮ ವರ್ಷದ ಕಾರ್ಯದ ದಿನ ಅತ್ತಿಗುಂಡಿಯಲ್ಲಿ ನೆಡುವುದೆಂದು ಮಾತಾಯಿತು. ಮಳೆ ಹಿಡಿಯುವ ಕಾಲ, ನೆಡಲು ಸರಿ.

ಹೋದ ವಾರ ಅವಳು ಫೋನ್ ಮಾಡಿದಳು. “ಕಾರ್ಯಕ್ಕೆ ಮನೆಗೆಲ್ಲ ಸುಣ್ಣ ಹೊಡೆಸ್ತಿದ್ದೀವಿ ಅಮ್ಮ. ಗಿಡ ನೆಡೋ ಜಾಗದ ಗೋಡೆ ಒಂದು ಬಾಕಿ ಇದೆ.”

“ಆ ಗೋಡೆಗೆ ಹೊಡೆಸಬೇಡ.”

“ಯಾಕೆ?”

ಯಾಕೆ ಎಂದು ಅವಳು ಈ ಹಿಂದೆಯೂ ಕೇಳಿದ್ದಳಲ್ಲ, ನನ್ನ ಗೋಡೆಯನ್ನು ನೋಡಿ? ಮತ್ತೆ ಹಾವಸೆಯ ಮಾತು ಹೇಳಬಹುದಿತ್ತು. ಹೇಳಲಾಗಲಿಲ್ಲ. ಐತಪ್ಪನಿಗೆ ಹಾಕು ಎಂದದ್ದು, ನಿಮಗೆ ಇಲ್ಲ ಎಂದದ್ದು, ಆಸ್ಪತ್ರೆಯಲ್ಲಿ ನೀವು ಅಂದದ್ದು, ನಾನು ಅನ್ನದೆ ಬಂದದ್ದು, ಎಲ್ಲವನ್ನೂ ಹೇಳಿದೆ. ಅತ್ತಿಗುಂಡಿಯ ಲೈನು ಮಾತಿನ ನಡುವೆ ಕಡಿದುಹೋಗುವುದುಂಟು, ಕಟ್ಟಾಯಿತೇನೋ ಎಂದು, “ಹಲೋ,” ಎಂದೆ.

“ಇದ್ದೀನಿ,” ಎಂದಳು. “ನಾನು ಬಾಣಂತನ ಮುಗಿಸಿ ಬಂದಾಗಲೂ ಆ ಬೂದಿ ಹಾಗೇ ಇತ್ತು ಅಮ್ಮ. ಅತ್ತೆ ಗುಡಿಸೋಕೆ ಬಿಡ್ತಿರಲಿಲ್ಲ,” ಎಂದಳು.

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ಹೆಸರಿಡೋ ದಿನ ಇದ್ದೋರೆಲ್ಲ ಕಾರ್ಯಕ್ಕೆ ಬರ್ತಾರೆ,” ಎಂದಳು. “ಚಿಕ್ಕಮ್ಮಂದಿರು, ಅತ್ತೆಯ ನಾದಿನಿ, ಎಲ್ಲ. ಅವರ ಎದುರಿಗೇ ಅಲ್ವಾ ನೀನು ಅಂದಿದ್ದು?”

“ಹೌದು.”

“ಅವರ ಎದುರಿಗೇ ಹೇಳು. ಆಮೇಲೆ ಗಿಡ. ಗುಂಡೀನೂ ನೀನೇ ತೆಗೀಬೇಕು.”

“ಮೊಣಕಾಲು ಬಗ್ಗಲ್ಲ ಕಣೇ.”

“ಐತಪ್ಪನ್ನ ಕರ್ಕೊಂಡು ಬಾ. ಗುದ್ದಲಿ ಅವನು ಹಿಡೀಲಿ, ಮಾತು ನೀನೇ ಆಡು.”

ನನ್ನ ಜೊತೆ ಯಾರೂ ಹಾಗೆ ಮಾತಾಡಿದ್ದಿಲ್ಲ. ಸಿಟ್ಟು ಬರಲಿಲ್ಲ. ಇದನ್ನು ಅವಳು ನನ್ನಿಂದ ಕಲಿತಳೋ ನಿಮ್ಮಿಂದ ಕಲಿತಳೋ ಎಂದು ಯೋಚಿಸುತ್ತಾ ಫೋನ್ ಇಟ್ಟೆ.

ನಾಳೆ ಬೆಳಗಿನ ಬಸ್ಸಿಗೆ ನಾನು, ನಮ್ಮ ಮನೆಯವರು, ಐತಪ್ಪ ಹೊರಡುತ್ತೇವೆ. ಗಿಡ ನನ್ನ ತೊಡೆಯ ಮೇಲೆಯೇ ಇರುತ್ತದೆ, ಯಾರ ಕೈಗೂ ಕೊಡುವುದಿಲ್ಲ. ನೀವು ಸುಟ್ಟ ಜಾಗದಲ್ಲೇ ನೆಡಬೇಕೆಂದು ವನಜಳ ಆಸೆ. ಬೇಡ ಎಂದಿದ್ದೇನೆ. ಬೂದಿಯೂ ಸುಣ್ಣದ ಹಾಗೆಯೇ ಮಣ್ಣಿನ ಹುಳಿ ತೆಗೆಯುತ್ತದೆ. ಅಲ್ಲಿಂದ ನಾಲ್ಕು ಮಾರು ಈಚೆ, ನಿಮ್ಮ ಅಡುಗೆಮನೆಯ ಕಿಟಕಿಗೆ ಕಾಣುವ ಹಾಗೆ, ಬೆಳಗಿನ ಬಿಸಿಲು ಬೀಳುವಲ್ಲಿ. ಆಳಕ್ಕೆ ನೆಡುವುದಿಲ್ಲ. ಬುಡ ಒಣಗಲು ಬಿಡುವುದಿಲ್ಲ. ಮೂರನೆಯ ಮಾತನ್ನು ನಾನು ಹೇಳಬೇಕೇ?

ಎಡೆ ಇಟ್ಟು, ಎಲ್ಲರೂ ಎಲೆಯ ಮುಂದೆ ಕೂತ ಮೇಲೆ, ಬಡಿಸುವ ಮೊದಲು ನಾನು ಎದ್ದು ನಿಲ್ಲುತ್ತೇನೆ. ಜಗಲಿಯ ಕೊನೆಯವರಿಗೂ ಕೇಳುವ ಹಾಗೆ ಹೇಳುತ್ತೇನೆ. ನನ್ನ ದನಿ ನಿಮಗೆ ಗೊತ್ತಲ್ಲ, ಅವತ್ತೂ ಎಲ್ಲರಿಗೂ ಕೇಳಿಸಿತ್ತು.

ನಿಮ್ಮ ಬೀಗಿತ್ತಿ,
ಗೋಣಿಬೀಡು

ಬಿಸ್ಕತ್ತಿನ ಡಬ್ಬ ಅದೇ ಅಳತೆಯದು ಸಿಕ್ಕಿದೆ, ಗಿಡ ಅದರಲ್ಲೇ ಬರುತ್ತಿದೆ. ಗಿಡ ನೆಟ್ಟ ಮೇಲೆ ತೊಳೆದು ನಿಮ್ಮ ಅಡುಗೆಮನೆಯಲ್ಲೇ ಇಟ್ಟು ಬರುತ್ತೇನೆ.